ಹಾಸು ಹಿಡಿದು ಬಗ್ಗಿದವರ ಸಾಹೇಬರಿಗೆ

ಬೆಟಗೇರಿಯ ನಮ್ಮ ಓಣಿಯಲ್ಲಿ, ನಮ್ಮ ಮನೆಯ ಎದುರಿನ ಮೊದಲ ಮಹಡಿಯಲ್ಲಿ ಕುಳಿತು, ಊರೂರಿನ ಮಂದಿಯ ಕೆಟ್ಟ ಮಿಕ್ಸರು, ತಿರುಗದ ಫ್ಯಾನು, ಕಾಯದ ಇಸ್ತ್ರಿಪೆಟ್ಟಿಗೆಗಳ ದೂರನ್ನು ಫೋನಿನಲ್ಲಿ ಆಲಿಸುವ ಕಂಪನಿಯ ಸಾಹೇಬರಾದ ಶ್ರೀ ಕಿರಣಕುಮಾರ ಅವರ ಸನ್ನಿಧಾನಕ್ಕೆ, ಅದೇ ಓಣಿಯ ಕೈಮಗ್ಗದ ನೇಕಾರ ಸಕ್ರಪ್ಪ ಮಾಡುವ ಸಾಷ್ಟಾಂಗ ನಮಸ್ಕಾರಗಳು. ಸಾಷ್ಟಾಂಗ ಎಂದು ಬರೆದೆನೇ ಹೊರತು ಖರೆ ಖರೆ ಹಾಕಿಲ್ಲ. ಹಾಕಿದೆ ಎಂದು ತಿಳಿದುಕೊಂಡು ಮುಂದೆ ಓದಬೇಕು.

ಮಾನ್ಯರೇ,

ತಮ್ಮ ಕ್ಷೇಮ ಕೇಳುವುದಿಲ್ಲ, ಯಾಕೆಂದರೆ ತಾವು ಕಿಟಕಿಯಲ್ಲಿ ದಿನಾ ಕಾಣುತ್ತೀರಿ. ನಮ್ಮ ಕ್ಷೇಮವನ್ನು ತಾವೂ ಕೇಳಬೇಡಿರಿ, ಅದನ್ನು ಹೇಳಲಿಕ್ಕೇ ಈ ಪತ್ರ. ನಾನು ನಾಲ್ಕನೇತ್ತೆಗೆ ಶಾಲೆ ಬಿಟ್ಟವನು, ಆದ್ದರಿಂದ ಇದರಲ್ಲಿರುವ ತಪ್ಪೆಲ್ಲ ನನ್ನ ಸ್ವಂತದ್ದು. ತಿದ್ದಿ ಕೊಡುತ್ತೇನೆಂದು ತಮ್ಮ ಕಚೇರಿಯ ಅಂಕಿತಾ ಎಂಬ ಹುಡುಗಿಯೇ ಮುಂದೆ ಬಂದಿದ್ದಳು. ತಮ್ಮ ಮೇಲಿನ ದೂರನ್ನು ತಮ್ಮ ಪಗಾರ ತಿನ್ನುವವಳ ಕೈಯಿಂದ ತಿದ್ದಿಸುವುದು ಚಂದ ಕಾಣುವುದಿಲ್ಲವೆಂದು ನಾನೇ ಬೇಡವೆಂದೆ. ಇದನ್ನು ತಮ್ಮ ಕೈಗೆ ಕೊಡದೆ ಓಣಿಯ ಲೈಟಿನ ಕಂಬಕ್ಕೆ ಅಂಟಿಸುತ್ತಿದ್ದೇನೆ. ಅಂಟಿಸುವ ಗಂಜಿ ನಮ್ಮಲ್ಲೇ ಇರುವುದರಿಂದ ಖರ್ಚಿಲ್ಲ.

ಮೊದಲು ತಮ್ಮ ಉಪಕಾರ ನೆನೆಯುತ್ತೇನೆ. ತಾವು ಬರುವ ಮುಂಚೆ ಈ ಓಣಿಯಲ್ಲಿ ಮಗ್ಗದ ಸಪ್ಪಳ, ನಾಯಿಯ ಸಪ್ಪಳ, ಉಡಚವ್ವನ ಸಪ್ಪಳ ಬಿಟ್ಟರೆ ಬೇರೆ ಏನೂ ಇರಲಿಲ್ಲ. ತಾವು ಬಂದ ಮೇಲೆ ದಿನಕ್ಕೆ ಎರಡು ಸಲ ಸೀಟಿ ಊದುವ ಸಪ್ಪಳವೂ ಬಂತು. ಸೀಟಿ ಊದಿದ ಕೂಡಲೇ ಮೇಲಿನಿಂದ ಹರೆಯದ ಹುಡುಗ ಹುಡುಗಿಯರು ದಬದಬ ಇಳಿದು ಬಂದು, ಓಣಿಯ ನಟ್ಟನಡುವೆ ಸಾಲಾಗಿ ನಿಂತು, ಎರಡೂ ಕೈ ಮೇಲೆತ್ತಿ, ಕೆಳಗಿಳಿಸಿ, ಮತ್ತೆ ಎತ್ತಿದ್ದನ್ನು ಮೊದಲ ದಿನ ನೋಡಿದ ಪಕ್ಕದ ಮನೆಯ ಉಡಚವ್ವ, ಯಾರೋ ಪೊಲೀಸರು ಬಂದೂಕು ತೋರಿಸಿ ಕೈ ಎತ್ತಿಸಿದ್ದಾರೆಂದು ತಿಳಿದು, ತಾನೂ ರೊಟ್ಟಿ ಹಿಟ್ಟಿನ ಕೈ ಎತ್ತಿಕೊಂಡು ಬಾಗಿಲಲ್ಲಿ ಬಹಳ ಹೊತ್ತು ನಿಂತಿದ್ದಳು. ಆಕೆಯ ರೊಟ್ಟಿ ಆವತ್ತು ಸೀದಿತು. ಅದರ ಲೆಕ್ಕ ಆಕೆಗೂ ತಮಗೂ ಇರಲಿ, ನಾನು ನಡುವೆ ಬರುವುದಿಲ್ಲ.

ಇದೇನು ಎಂದು ವಿಚಾರಿಸಿದಾಗ, ಕೋಟುಮಚಗಿಯಿಂದ ದಿನಾ ಬಸ್ಸಿಗೆ ಬರುವ ಈ ಅಂಕಿತಾ ನಮ್ಮ ಕಟ್ಟೆಗೆ ಕುಳಿತು ನನಗೆ ತಿಳಿಸಿ ಹೇಳಿದಳು. "ಅಜ್ಜಾರ, ಮುಂಜಾನಿಂದ ಮಂದಿ ನಮ್ಮನ್ನ ಫೋನಿನ್ಯಾಗ ಬೈತಾರ್ರಿ. ನಾವು ತಿರುಗಿ ಬೈಯೂ ಹಂಗಿಲ್ಲ, 'ತಮ್ಮ ಸಹನೆಗೆ ಧನ್ಯವಾದ' ಅನ್ನಬೇಕು. ಅದೆಲ್ಲಾ ತಲಿಯೊಳಗ ಕುಂತು ಭಾರ ಆಗತೈತಿ. ಅದನ್ನ ಇಳಸಾಕ ಈ ಕಸರತ್ತು." ಈ ಭಾರಕ್ಕೆ ತಾವು ಸ್ಟ್ರೆಸ್ ಎಂದು ಹೆಸರಿಟ್ಟಿದ್ದೀರಂತೆ. ಈ ರೋಗ ನಮ್ಮ ಓಣಿಗೆ ಯಾಕೆ ಬಂದಿರಲಿಲ್ಲ ಎಂಬುದು ನನಗೆ ಆವತ್ತೇ ತಿಳಿಯಿತು. ನಮ್ಮಲ್ಲಿ ಬೈಗಳು ಒಳಗೆ ಉಳಿಯುವುದಿಲ್ಲ. ಬಂದವರ ಕೈಯಲ್ಲೇ, ಅವರು ಬಾಗಿಲು ದಾಟುವುದರೊಳಗೆ, ಬಡ್ಡಿ ಸಮೇತ ಕಳಿಸಿಬಿಡುತ್ತೇವೆ.

ಇಷ್ಟಾದರೂ ನಾನು ದೂರಲಿಲ್ಲ. ಮಂದಿ ಕೈ ಎತ್ತಲಿ, ಕಾಲು ಎತ್ತಲಿ, ನನಗೇನು. ನನ್ನ ತಲೆಯಲ್ಲಿ ಇದ್ದದ್ದು ಒಂದೇ ಸೀರೆ.

ಆ ಸೀರೆಯ ಮಾತು ತಮಗೆ ಸಾವಕಾಶ ಹೇಳಬೇಕು. ಮುಂಡರಗಿಗೆ ಕೊಟ್ಟ ನನ್ನ ಮಗಳ ಮಗಳು ಮಮತಾ, ಆಕೆಯ ಮದುವೆ ನಿಶ್ಚಯವಾಯಿತು. ಅಂಗಡಿಯಲ್ಲಿ ಎಂಥೆಂಥ ಜರಿ ಸೀರೆ ಸಿಗುತ್ತವೆ, ಖರೆ ಆಕೆ, ಅಕ್ಷತೆ ಬೀಳುವಾಗ ಅಜ್ಜ ನೇಯ್ದ ಕೆಂಪು ಅಂಚಿನ ಸೀರೆಯನ್ನೇ ಉಡುತ್ತೇನೆ ಎಂದು ಹಟ ಹಿಡಿದಳು. ನನ್ನದು ಕುಣಿ ಮಗ್ಗ. ಅಂದರೆ ನೇಕಾರ ನೆಲದ ತಗ್ಗಿನೊಳಗೆ ಕಾಲು ಇಳಿಬಿಟ್ಟು, ಅಲ್ಲಿಂದ ಮಗ್ಗ ತುಳಿಯಬೇಕು. ಎರಡು ವರ್ಷದಿಂದ ನನ್ನ ಮೊಣಕಾಲು ನನ್ನ ಮಾತು ಕೇಳುವುದಿಲ್ಲ. ಕುಣಿಗೆ ಇಳಿಯಬೇಕಾದರೆ ಒಂದು ರಟ್ಟೆ ಕಂಬಕ್ಕೆ, ಒಂದು ರಟ್ಟೆ ಹೆಂಡತಿ ಚಂದ್ರವ್ವನಿಗೆ ಕೊಡಬೇಕು, ಏರಬೇಕಾದರೆ ಓಣಿಯನ್ನೇ ಕರೆಯಬೇಕು. ಹೀಗಾಗಿ, ಇದೇ ನನ್ನ ಕಡೇ ಹಾಸು, ಮಮತಾಳ ಸೀರೆ ಮುಗಿದ ಮರುದಿನ ಮಗ್ಗ ಬಿಚ್ಚುವುದು ಎಂದು ನಾನು ಓಣಿಗೆಲ್ಲ ಹೇಳಿ ಆಗಿತ್ತು. ಕುಣಿ ಮುಚ್ಚಲಿಕ್ಕೆಂದು ಮಗ ಲೋಹಿತ ಒಂದು ಟ್ರ್ಯಾಕ್ಟರ್ ಮಣ್ಣು ತಂದು ಬಾಗಿಲ ಮುಂದೆ ಸುರುವಿದ. ಆ ಜಾಗದಲ್ಲಿ ಫ್ರಿಜ್ಜು ಇಡುವುದೆಂದು ಸೊಸೆ ಅಳತೆ ತೆಗೆದುಕೊಂಡಳು. ಬೇಗ ಹೋಗುವ ನೆಂಟನ ಹಾಸಿಗೆ ಸುತ್ತಿಡುವಂತೆ ಎಲ್ಲರೂ ಬಹಳ ಪ್ರೀತಿಯಿಂದ ನನ್ನ ಮಗ್ಗ ಎತ್ತುವ ತಯಾರಿ ಮಾಡಿದರು.

ಹಾಸು ಎಂದರೆ ಸೀರೆಯ ಉದ್ದದ ಎಳೆ. ಸಾವಿರಾರು ಎಳೆಯನ್ನು ಓಣಿಯ ಈ ತುದಿಯಿಂದ ಆ ತುದಿಗೆ ಸೊಂಟದ ಎತ್ತರಕ್ಕೆ ಎಳೆದು ಕಟ್ಟಿ, ಗಂಜಿ ಹಚ್ಚಿ, ಎರಡೂ ಬದಿಯಿಂದ ಬ್ರಶ್ಶಿನಲ್ಲಿ ತೀಡುತ್ತ ಹೋಗಿ ಬಂದು ಒಣಗಿಸಬೇಕು. ಹಾಸು ಕಟ್ಟಿದಾಗ ನಮ್ಮ ಓಣಿಗೆ ಆಟೋ ಬರುವುದಿಲ್ಲ, ಮೋಟರ್ ಸೈಕಲ್ ಬರುವುದಿಲ್ಲ, ಹಾಲು ಮಾರುವ ಸಿದ್ದಾರೂಢನ ಎಮ್ಮೆ ಕೂಡ ನಿಂತು ಒಮ್ಮೆ ನೋಡಿ, ನಿಟ್ಟುಸಿರು ಬಿಟ್ಟು ಹಿಂದಿನ ಓಣಿಯಿಂದ ಸುತ್ತಿ ಹೋಗುತ್ತದೆ. ಆ ಎಮ್ಮೆಗೆ ಯಾರೂ ಸೀಟಿ ಊದಿ ಕಲಿಸಿಲ್ಲವೆಂಬುದನ್ನು ತಾವು ಗಮನಿಸಬೇಕು.

ಸಾಮಾನ್ಯವಾಗಿ ಬಿಸಿಲೇರುವುದರೊಳಗೆ ಹಾಸು ಒಣಗಿ ಸುತ್ತಿ ಆಗಿರುತ್ತದೆ. ಆವತ್ತು ಮೋಡ ಕವಿದಿತ್ತು. ಗಂಜಿ ಆರಲಿಲ್ಲ. ನಾನು, ಚಂದ್ರವ್ವ ತೀಡುತ್ತಲೇ ಇದ್ದೆವು. ಅಷ್ಟರಲ್ಲಿ ತಮ್ಮ ಸೀಟಿ ಕೂಗಿತು, ತಮ್ಮವರು ಇಳಿದು ಬಂದರು, ತಾವು ಕಿಟಕಿಯಿಂದ, ಇವತ್ತು ಸೊಂಟದ ಕಸರತ್ತು, ಎಲ್ಲರೂ ಯಾವುದಾದರೂ ಆಸರೆ ಹಿಡಿದು ಬಗ್ಗಿರಿ ಎಂದು ಆಜ್ಞೆ ಮಾಡಿದಿರಿ. ತಮ್ಮ ಮಂದಿ ಆಚೆ ಈಚೆ ನೋಡಿದರು. ಓಣಿಯುದ್ದಕ್ಕೆ, ಸೊಂಟದ ಎತ್ತರಕ್ಕೆ, ಎಳೆದು ಕಟ್ಟಿದ ಒಂದು ಚಂದದ ಆಸರೆ ಇತ್ತು. ನಾನು ಮತ್ತು ನನ್ನ ಹೆಂಡತಿ ಅದರ ಎರಡೂ ಬದಿಗೆ ಬಗ್ಗಿ, ಕೈ ಬೀಸುತ್ತ, ಹೋಗಿ ಬಂದು ಮಾಡುತ್ತಿದ್ದದ್ದನ್ನು ನೋಡಿ, ಈ ಓಣಿಯ ಮುದುಕರೂ ಕಸರತ್ತಿಗೆ ಹತ್ತಿದ್ದಾರೆ, ಕಟಕಟೆ ಕೂಡ ಕಟ್ಟಿಸಿಕೊಂಡಿದ್ದಾರೆ ಎಂದು ಅವರು ತಿಳಿದದ್ದರಲ್ಲಿ ತಪ್ಪೇನು? ಎಲ್ಲರೂ ಒಟ್ಟಿಗೆ ನನ್ನ ಮೊಮ್ಮಗಳ ಸೀರೆಯನ್ನು ಹಿಡಿದರು. ಎಲ್ಲರೂ ಒಟ್ಟಿಗೆ ಬಗ್ಗಿದರು.

ಎಳೆ ಹರಿಯುವ ಸಪ್ಪಳ ಏನೂ ದೊಡ್ಡದಲ್ಲ, ಮಾನ್ಯರೇ. ಕೇಳಿಸಿತೋ ಇಲ್ಲವೋ ಎನ್ನುವಷ್ಟು. ಆಮೇಲೆ ಬಂದ ಸಪ್ಪಳ ನನ್ನದು. ನಾನು ಆವತ್ತು ಅಂದ ಮಾತುಗಳನ್ನು ಈ ಕಂಬದ ಮೇಲೆ ಬರೆಯುವ ಹಾಗಿಲ್ಲ, ಶಾಲೆಗೆ ಹೋಗುವ ಹುಡುಗರು ಇದನ್ನು ಓದಿಕೊಂಡು ಹೋಗುತ್ತಾರೆ. ಅದರಲ್ಲಿ ಕೆಲವನ್ನು ನಾನೇ ಮೊದಲ ಸಲ ಕೇಳಿದೆ. ನಾನು ಉಸಿರು ತೆಗೆದುಕೊಳ್ಳಲಿಕ್ಕೆ ನಿಂತಾಗ, ತಮ್ಮ ಸಿಬ್ಬಂದಿಯೆಲ್ಲ ಸಾಲಾಗಿ ನಿಂತು, ರೂಢಿಯ ಪ್ರಕಾರ, ಒಂದೇ ದನಿಯಲ್ಲಿ "ತಮ್ಮ ಸಹನೆಗೆ ಧನ್ಯವಾದ" ಎಂದರು. ಅಂಥ ಶಿಸ್ತನ್ನು ನಾನು ಪಂದ್ರಾ ಆಗಸ್ಟಿನ ಪರೇಡಿನಲ್ಲೂ ನೋಡಿಲ್ಲ. ತಾವು ಕಿಟಕಿಯಿಂದ, ದೂರು ಏನಿದ್ದರೂ ಮೇಲೆ ಬಂದು ಬರೆಸಬೇಕು, ಓಣಿಯಲ್ಲಿ ಕೊಟ್ಟ ದೂರು ಕಂಪನಿಯ ಲೆಕ್ಕಕ್ಕೆ ಬರುವುದಿಲ್ಲ ಎಂದು ಬಹಳ ಮರ್ಯಾದೆಯಿಂದ ತಿಳಿಸಿದಿರಿ. ನಾನು ಗೋಡೆ ಹಿಡಿದು, ಒಂದೊಂದು ಮೆಟ್ಟಿಲಿಗೂ ಒಬ್ಬೊಬ್ಬ ದೇವರನ್ನು ನೆನೆದು, ತಮ್ಮ ಮಹಡಿ ಹತ್ತಿ ಬಂದೆ. ಬಂದರೆ ತಾವು ಚಹಾಕ್ಕೆ ಹೋಗಿದ್ದಿರಿ, ದೂರು ಬರೆದುಕೊಳ್ಳುವ ಹುಡುಗ ಕೆಳಗೆ ಓಣಿಯಲ್ಲಿದ್ದ.

ಅವನು ಕೆಳಗೆ ಏನು ಮಾಡುತ್ತಿದ್ದ ಎಂದರೆ, ಗಂಟು ಹಾಕುತ್ತಿದ್ದ. ನಾನು ಮೇಲೆ ತಮ್ಮ ಖಾಲಿ ಕುರ್ಚಿಗಳನ್ನು ಬೈಯುತ್ತಿದ್ದ ಹೊತ್ತಿಗೆ, ಚಂದ್ರವ್ವ ಹರಿದ ಎಳೆಯ ಎರಡು ತುದಿ ತಂದು ಅಂಕಿತಾಳ ಕೈಗೆ ಇಟ್ಟು, ಗಂಟು ಹಾಕುವುದು ಹೇಗೆಂದು ತೋರಿಸಿದ್ದಳು. ಗಂಜಿ ಬಿರುಸಾಗುವುದರೊಳಗೆ ಎಲ್ಲ ಕೂಡಿಸದಿದ್ದರೆ ಆ ಹಾಸು ಕಸಬರಿಗೆಗೆ ಕೂಡ ಬರುತ್ತಿರಲಿಲ್ಲ. ಹೊಸ ನೂಲು ತಂದು, ಬಣ್ಣ ಹಾಕಿಸಿ, ಮತ್ತೆ ಹಾಸು ಮಾಡುವಷ್ಟರಲ್ಲಿ ಮಮತಾಳ ಮದುವೆ ಮುಗಿದು ತೊಟ್ಟಿಲ ಖಬರು ಬಂದಿರುತ್ತಿತ್ತು. ನಾನು ಇಳಿದು ಬರುವಷ್ಟರಲ್ಲಿ ತಮ್ಮ ಇಡೀ ಕಚೇರಿ ನನ್ನ ಹಾಸಿನ ಎರಡೂ ಬದಿಗೆ ನಿಂತು, ಮೂಗು ಎಳೆಗೆ ತಾಗಿಸಿಕೊಂಡು, ಉಸಿರು ಬಿಗಿಹಿಡಿದು ಗಂಟು ಹಾಕುತ್ತಿತ್ತು. ಮೇಲೆ ಫೋನುಗಳು ಬಾಯಿ ಬಡಿದುಕೊಳ್ಳುತ್ತಿದ್ದವು. ಯಾರೂ ತಲೆ ಎತ್ತಲಿಲ್ಲ. ಅವರು ಹಾಕಿದ ಗಂಟು ಒಂದೊಂದೂ ಬಾರಿಹಣ್ಣಿನಷ್ಟು ದಪ್ಪ, ಅದನ್ನು ಆಮೇಲೆ ನಾನು ಚಂದ್ರವ್ವ ಕೂತು ಸಣ್ಣ ಮಾಡಿದೆವು. ಆದರೂ ಮಧ್ಯಾಹ್ನ ಮೋಡ ಸರಿದು ಬಿಸಿಲು ಬೀಳುವ ಹೊತ್ತಿಗೆ ಹಾಸು ಒಂದಾಗಿ ನಿಂತಿತ್ತು. ಚಂದ್ರವ್ವ ಎಲ್ಲರಿಗೂ ಚುರುಮುರಿಯ ಗಿರಮಿಟ್ಟು ಕಲಸಿ ಕೊಟ್ಟಳು. ನನ್ನ ಹಾಸು ಹರಿದವರಿಗೆ ನನ್ನದೇ ಮನೆಯ ಶೇಂಗಾ. ನಾನು ತಿನ್ನಲಿಲ್ಲ. ಉಳಿದಿರಲೂ ಇಲ್ಲ.

ತಮ್ಮ ಮೇಲಿನ ನನ್ನ ನಿಜವಾದ ದೂರು ಇಲ್ಲಿಂದ ಶುರುವಾಗುತ್ತದೆ.

ಮರುದಿನ ಸೀಟಿ ಊದಿದಾಗ ತಮ್ಮವರು ಇಳಿದು ಬಂದು ಕೈ ಎತ್ತಲಿಲ್ಲ. ಸೀದಾ ನಮ್ಮ ಮನೆಯೊಳಗೆ ನುಗ್ಗಿದರು. ಒಬ್ಬ ರಾಟೆಗೆ ಕುಳಿತ, ಒಬ್ಬಳು ಲಾಳಿಯೊಳಗೆ ಇಡುವ ನೂಲಿನ ಸುರುಳಿ ಸುತ್ತಿದಳು, ಉಳಿದವರು ಉಡಚವ್ವನ ಮನೆಯ ಹಾಸು ತೀಡಲು ಬ್ರಶ್ಶು ಹಿಡಿದು ಹೊರಟರು. ಕೈ ಎತ್ತುವುದಕ್ಕಿಂತ ಇದರಲ್ಲಿ ತಲೆ ಜಲ್ದಿ ಹಗುರ ಆಗುತ್ತದಂತೆ. ಆಗಲಿ, ಸಂತೋಷ. ಆದರೆ ಅವರು ನಮ್ಮ ಹೆಣ್ಣುಮಕ್ಕಳ ಕೆಲಸ ಕಸಿದುಕೊಂಡ ಮೇಲೆ ನಮ್ಮ ಹೆಣ್ಣುಮಕ್ಕಳು ಏನು ಮಾಡಬೇಕು? ಚಂದ್ರವ್ವ, ಉಡಚವ್ವ, ಇನ್ನೂ ನಾಲ್ಕು ಮನೆಯವರು ಸೆರಗು ಸೊಂಟಕ್ಕೆ ಸಿಗಿಸಿ, ಓಣಿಯ ನಡುವೆ ಸಾಲಾಗಿ ನಿಂತು, ಖಾಲಿ ಬಿದ್ದಿದ್ದ ಆ ಕಸರತ್ತನ್ನು ಕೈಗೆತ್ತಿಕೊಂಡರು. ಕುಣಿ ಮುಚ್ಚಲು ತಂದ ಮಣ್ಣಿನ ದಿಬ್ಬವನ್ನು ಈಗ ಹತ್ತಿ ಇಳಿಯುತ್ತಾರೆ. ಊಟಕ್ಕೆ ಕರೆದರೆ, ಇನ್ನೊಂದು ಸುತ್ತು ಐತಿ ತಡೀರಿ, ಎಂದು ನನಗೇ ಹೇಳುತ್ತಾರೆ. ತಮ್ಮ ಕೃಪೆಯಿಂದ ನಮ್ಮ ಓಣಿಯಲ್ಲಿ ಈಗ ಕಸರತ್ತು ಮಾಡುವವರು ನೇಕಾರರು, ನೇಕಾರರ ಕೆಲಸ ಮಾಡುವವರು ತಮ್ಮವರು, ಫೋನು ಎತ್ತುವವರು ಯಾರೂ ಇಲ್ಲ.

ಆ ಫೋನಿನ ಸಪ್ಪಳ ತಮಗೆ ಗೊತ್ತಿಲ್ಲದೆ ಇರಬಹುದು, ತಾವು ಆ ಹೊತ್ತಿಗೆ ಚಹಾಕ್ಕೆ ಹೋಗಿರುತ್ತೀರಿ. ಕುಣಿಯೊಳಗೆ ಕುಳಿತು ಎಳೆ ನೋಡುವವನಿಗೆ ಅದು ಕಿವಿಯಲ್ಲಿ ಬೋರು ಕೊರೆದ ಹಾಗೆ. ನಾನು ದಿನಾ ಎದ್ದು, ಮೆಟ್ಟಿಲು ಹತ್ತಿ ಬಂದು, ಖಾಲಿ ಕಚೇರಿಗೆ ಬೈದು ಇಳಿದೆ. ಮುಂಜಾನೆ ಒಮ್ಮೆ ಬೈದೆ, ಸಂಜೆಗೆ ಒಮ್ಮೆ ಬೈದೆ. ಕಡೆಗೆ ತಡೆಯಲಾರದೆ ಒಂದು ದಿನ ಫೋನು ಎತ್ತಿಯೇಬಿಟ್ಟೆ.

ಶಿರಹಟ್ಟಿಯ ಯಾರೋ ಒಬ್ಬ, ಫ್ಯಾನು ತಿರುಗುವುದಿಲ್ಲವೆಂದು ನನ್ನ ತಂದೆಯಿಂದ ಶುರು ಮಾಡಿದ. ನಾನು ಅವನ ಮುತ್ತಜ್ಜನಿಂದ ಶುರು ಮಾಡಿದೆ. ಇಬ್ಬರೂ ನಮ್ಮ ನಮ್ಮ ಕಾಲಕ್ಕೆ ಬಂದು ಮುಟ್ಟುವಷ್ಟರಲ್ಲಿ ದಣಿದಿದ್ದೆವು. ಅವನು, ತಮ್ಮ ಕಂಪನಿಯಲ್ಲಿ ಇಷ್ಟು ದಿನಕ್ಕೆ ಒಬ್ಬ ಮನುಷ್ಯ ಸಿಕ್ಕ, ನಾಳೆಯೂ ಇರುತ್ತೀರೇನು ಎಂದು ಕೇಳಿದ. ಈಗ ದಿನಾ ಮಾಡುತ್ತಾನೆ. ಫ್ಯಾನಿನ ಮಾತು ಬಿಟ್ಟುಬಿಟ್ಟಿದ್ದಾನೆ. ಲಕ್ಷ್ಮೇಶ್ವರದ ಒಬ್ಬಾಕೆ, ಮಗನ ಮದುವೆಗೆ ಚಟ್ನಿ ರುಬ್ಬುವಾಗ ಮಿಕ್ಸರು ಸುಟ್ಟಿತೆಂದು ಅತ್ತಳು. ಆಕೆಗೆ ಹೊಸದು ಕಳಿಸುತ್ತೇನೆಂದು ತಮ್ಮ ಹೆಸರಿನಲ್ಲಿ ನಾನು ಮಾತು ಕೊಟ್ಟಿದ್ದೇನೆ, ದಯವಿಟ್ಟು ಕಳಿಸಿಬಿಡಬೇಕು, ಮದುವೆ ಮನೆಯ ಗಡಿಬಿಡಿ ನನಗೂ ಗೊತ್ತದೆ. ಆದರೆ ಮಾನ್ಯರೇ, ಹತ್ತು ಮಂದಿ ಬಿಟ್ಟೂಬಿಡದೆ ಬೈದ ಮೇಲೆ ನನ್ನ ಕಿವಿ ಕಾದು, ಹೆಗಲು ಬಿಗಿದು, ಎರಡೂ ಕೈ ತಾವಾಗಿಯೇ ಮೇಲೆ ಹೋದವು. ಆವಾಗ ಬಾಗಿಲಲ್ಲಿ ನಿಂತು ನೋಡಿದ ಅಂಕಿತಾ, ನಾನು ಕಸರತ್ತು ಮಾಡುತ್ತಿದ್ದೆನೆಂದು ಓಣಿಗೆಲ್ಲ ಹೇಳಿದ್ದಾಳೆ. ನಾನು ಕಪಾಟಿನ ಮೇಲಿನ ಧೂಳು ನೋಡುತ್ತಿದ್ದೆ. ಧೂಳು ಬಹಳ ಇದೆ.

ಈ ಗದ್ದಲದ ನಡುವೆಯೂ ಸೀರೆ ಮುಗಿಯಿತು. ಅಂಚು ಕೆಂಪಗೆ ಕೂತಿದೆ, ಮೈ ಹಸಿರು, ಸೆರಗು ನಾನು ಮೆಚ್ಚುವಷ್ಟು. ತಮ್ಮವರ ಗಂಟುಗಳು ಒಳಬದಿಗೆ ಅಲ್ಲಲ್ಲಿ ಕೈಗೆ ತಗಲುತ್ತವೆ. ಮೊನ್ನೆ ಮಮತಾ ಸೀರೆ ಒಯ್ಯಲು ಮುಂಡರಗಿಯಿಂದ ಬಂದಳು. ಆಕೆ ಬಂದಾಗ ನಾನು ಮಗ್ಗದಿಂದ ಸೀರೆ ಕೊಯ್ದು ತೆಗೆಯುತ್ತಿದ್ದೆ. ಚಂದ್ರವ್ವನೊಬ್ಬಳನ್ನು ಬಿಟ್ಟು ಮನೆಮಂದಿಯೆಲ್ಲ ಸುತ್ತ ನಿಂತಿದ್ದರು, ಲೋಹಿತ ಸಲಿಕೆ ತೊಳೆದು ಇಟ್ಟುಕೊಂಡಿದ್ದ, ಸೊಸೆ ಫ್ರಿಜ್ಜಿನ ಅಂಗಡಿಯವನಿಗೆ ಫೋನು ಹಚ್ಚಿದ್ದಳು. ಮಮತಾ ಸೀರೆಯನ್ನು ಮಡಿಲಿಗೆ ಹಾಕಿಕೊಂಡು, ಒಂದೊಂದು ಗಂಟಿನ ಮೇಲೂ ಬೆರಳಾಡಿಸಿ, ಆಮೇಲೆ ನನ್ನ ಮುಖ ನೋಡಿ ಕೇಳಿದಳು.

"ಅಜ್ಜಾ, ಇದು ಕಡೇದು ಅಂತೀಯಲ್ಲ, ನಾಳೆ ನನ್ನ ತಂಗಿ ಲಗ್ನಕ್ಕ ಆಕೀಗೆ ಏನ್ ಉಡಸತಿ?"

ಮೊಣಕಾಲಿನ ಮಾತು ಹೇಳಲಿಕ್ಕೆ ನಾನು ಬಾಯಿ ತೆಗೆದೆ. ಮನೆಯವರೆಲ್ಲ ನನ್ನ ಮುಖ ಬಿಟ್ಟು ನನ್ನ ಕಾಲು ನೋಡುತ್ತಿದ್ದರು. ನಾನೂ ನೋಡಿದೆ. ಕುಣಿಯೊಳಗೆ ನೆಟ್ಟಗೆ ನಿಂತಿದ್ದೆ. ಕಂಬ ಹಿಡಿದಿರಲಿಲ್ಲ, ಚಂದ್ರವ್ವ ಹೊರಗೆ ದಿಬ್ಬದ ಮೇಲಿದ್ದಳು, ಇಳಿಸಿದವರು ಯಾರೂ ಇರಲಿಲ್ಲ. ಯಾವ ದಿನದಿಂದ ಹೀಗೆ ಇಳಿಯುತ್ತಿದ್ದೇನೆಂಬುದೂ ನನಗೆ ನೆನಪಿಲ್ಲ. ರಾಟೆಯ ಮುಂದೆ ಕುಳಿತಿದ್ದ ಅಂಕಿತಾ ತಲೆ ಎತ್ತದೆ, "ಅಜ್ಜಾರ ಮೊದಲನೇ ದಿನ ಗ್ವಾಡಿ ಹಿಡಕೊಂಡು ನಮ್ಮ ಮೆಟ್ಟಲಾ ಹತ್ತಿದ್ರು, ಈಗ ಬೈಕೋಂತನ ಓಡಿ ಹತ್ತತಾರ" ಎಂದಳು. ಲೋಹಿತ ಸಲಿಕೆಯನ್ನು ಮೆಲ್ಲಗೆ ಗೋಡೆಗೆ ಆನಿಸಿದ. ಸೊಸೆ, ಆಮೇಲೆ ಮಾಡತೀನಿ ಎಂದು ಫೋನು ಇಟ್ಟಳು. ಮಮತಾಳ ತಂಗಿಯ ಸೀರೆಗೆಂದು ನೂಲು ಬಣ್ಣಕ್ಕೆ ಹೋಗಿ ಆಯಿತು. ಆ ಹುಡುಗಿ ಇನ್ನೂ ಹತ್ತನೇತ್ತೆಯಲ್ಲಿದ್ದಾಳೆ. ನಡುವೆ ಎಷ್ಟು ಹಾಸು ನೇಯಬೇಕೋ ತಾವೇ ಲೆಕ್ಕ ಹಾಕಿರಿ.

ಹೀಗೆ ತಾವು ನನ್ನ ನಿವೃತ್ತಿಯನ್ನು ಹಾಳು ಮಾಡಿದ್ದೀರಿ. ಇಡೀ ಓಣಿಗೆ, ಮಗ್ಗ ಬಿಟ್ಟೆ ಎಂದು ಹೇಳಿಕೊಂಡು ತಿರುಗಿದವನು ನಾನು. ಕಟ್ಟೆಯ ಮೇಲೆ ಕಾಲು ಚಾಚಿ ಕುಳಿತು, ಹೋಗುವವರನ್ನು ಬರುವವರನ್ನು ಬೈದುಕೊಂಡು ಇರಬೇಕೆಂದು ಜಾಗ ಕೂಡ ನೋಡಿಟ್ಟಿದ್ದೆ. ಈಗ ಯಾವ ಮುಖ ಹೊತ್ತು ಆ ಕಟ್ಟೆಗೆ ಹೋಗಲಿ? ಆದ್ದರಿಂದ ತಮ್ಮಲ್ಲಿ ಕೆಲವು ಸಣ್ಣ ವಿನಂತಿ. ತಮ್ಮ ಸಿಬ್ಬಂದಿಯ ಸ್ಟ್ರೆಸ್ಸು ನಮ್ಮ ಹಾಸು ಸುತ್ತಿ ಆದ ಮೇಲೆಯೇ ಏರುವಂತೆ ಮೇಲಿನ ಕಚೇರಿಗೆ ಬರೆದು ಅಪ್ಪಣೆ ತರಿಸಬೇಕು. ಮಿಕ್ಸರು ಫ್ಯಾನುಗಳು ಒಂದೊಂದು ತಾಲೂಕಿನಲ್ಲಿ ಒಂದೊಂದು ದಿನ ಪಾಳಿಯ ಪ್ರಕಾರ ಕೆಡುವಂತೆ ನೋಡಿಕೊಳ್ಳಬೇಕು. ಶಿರಹಟ್ಟಿಯವನನ್ನು ಮಾತ್ರ ದಿನಾ ಬಿಡಬೇಕು, ಅವನಿಲ್ಲದಿದ್ದರೆ ನನಗೆ ಹೊತ್ತು ಹೋಗುವುದಿಲ್ಲ. ತಮ್ಮ ಕಚೇರಿಯನ್ನು ಎರಡು ಓಣಿ ಆಚೆ ಒಯ್ಯಬೇಕು, ಖರೆ ಅಂಕಿತಾಳನ್ನು ಮತ್ತು ಮೆಟ್ಟಿಲುಗಳನ್ನು ಇಲ್ಲೇ ಬಿಟ್ಟು ಹೋಗಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ನೇಕಾರ ಸಕ್ರಪ್ಪನ ಮೊಣಕಾಲು ಸಡಿಲಾದದ್ದು ಎಳ್ಳೆಣ್ಣೆ ತಿಕ್ಕಿದ್ದರಿಂದಲೇ ಹೊರತು ಕಸರತ್ತಿನಿಂದ ಅಲ್ಲವೆಂದು ಕಂಪನಿಯ ಮೊಹರು ಒತ್ತಿ ಒಂದು ಪ್ರಮಾಣಪತ್ರ ಕೊಡಬೇಕು. ಅದನ್ನು ಇದೇ ಕಂಬಕ್ಕೆ, ಇದರ ಪಕ್ಕದಲ್ಲೇ ಅಂಟಿಸುತ್ತೇನೆ. ಎಳ್ಳೆಣ್ಣೆಯನ್ನು ನಾನು ತಿಕ್ಕಿಲ್ಲ ಎಂಬುದು ಚಂದ್ರವ್ವನಿಗೆ ಮಾತ್ರ ಗೊತ್ತು, ಆಕೆ ದಿಬ್ಬದ ಮೇಲಿರುವುದರಿಂದ ಈ ಪತ್ರ ಓದಲಿಕ್ಕೆ ಪುರುಸೊತ್ತಿಲ್ಲ.

ಬೇಡಿದ್ದರಲ್ಲಿ ಒಂದನ್ನೂ ತಾವು ನಡೆಸಿಕೊಡುವುದಿಲ್ಲವೆಂಬ ಪೂರ್ಣ ಭರವಸೆಯೊಂದಿಗೆ, ಕುಣಿಯೊಳಗಿನಿಂದಲೇ ಕೈ ಮುಗಿಯುವ,

ತಮ್ಮ ವಿಶ್ವಾಸಿ,
ಸಕ್ರಪ್ಪ
(ಹೆಬ್ಬೆಟ್ಟಲ್ಲ, ಸಹಿ)

ತಾ.ಕ.: ಮೇಲಿನಿಂದ ಸೀಟಿ ಊದುವುದೊಂದನ್ನು ಬಿಟ್ಟರೆ ತಾವು ಸ್ವಂತ ಯಾವುದೇ ಕಸರತ್ತು ಮಾಡಿದ್ದನ್ನು ಈ ಓಣಿಯಲ್ಲಿ ಯಾರೂ ನೋಡಿಲ್ಲ, ಅದನ್ನೂ ಕುರ್ಚಿಯಿಂದ ಏಳದೆ ಮಾಡುತ್ತೀರೆಂದು ಖಬರು. ಸೋಮವಾರ ಹೊಸ ಹಾಸು ಕಟ್ಟುತ್ತಿದ್ದೇನೆ, ತಮ್ಮ ಹೆಸರಿನಲ್ಲಿ ಒಂದು ಬ್ರಶ್ಶು ತೆಗೆದಿಟ್ಟಿದ್ದೇನೆ. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬರಬೇಡಿರಿ. ಗಂಜಿ ಕಲೆ ಬಿದ್ದರೆ ತಾವು ದೂರು ಕೊಡಬೇಕಾಗುತ್ತದೆ, ಮತ್ತು ಆ ಹೊತ್ತಿಗೆ ದೂರಿನ ಫೋನು ಎತ್ತುವವನು ನಾನೇ.